ಓದುಗರ ಪ್ರಶ್ನೆ: ಬಾಡಿಗೆ ನಂಬರಿಗೆ ಬಂದ ಒಟಿಪಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಸಿಮ್ ಇಲ್ಲದ, ಇಂಟರ್‌ನೆಟ್ಟಿನಲ್ಲೇ ಸಿಗುವ ವರ್ಚುವಲ್ ನಂಬರಿಗೆ ಒಟಿಪಿ ತರಿಸಿಕೊಂಡು ಖಾತೆ ತೆರೆಯುವುದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಮನೆಯ ನಂಬರು ಸಿಕ್ಕಸಿಕ್ಕವರ ಕೈಗೆ ಹೋಗಬಾರದೆಂದು, ಉಚಿತವಾಗಿ ವಿದೇಶಿ ನಂಬರು ಕೊಡುವ ಒಂದು ಜಾಲತಾಣದಲ್ಲಿ ಪ್ರಯತ್ನಿಸಿದೆ. ವಾಟ್ಸ್‌ಆ್ಯಪ್ ಕೋಡ್ ಬರಲೇ ಇಲ್ಲ. ಗೂಗಲ್‌ನಲ್ಲಿ ಈ ನಂಬರನ್ನು ಬಹಳ ಸಲ ಬಳಸಲಾಗಿದೆ ಎಂದು ಬಂತು. ದುಡ್ಡು ಕೊಟ್ಟು ನಂಬರು ತೆಗೆದುಕೊಂಡರೆ ಸರಿಯಾದೀತೇ?
– ಓದುಗರು, ಕಾಪು

ದುಡ್ಡು ಕೊಟ್ಟರೆ ಕೋಡ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ನಿಮ್ಮ ತೊಂದರೆ ಮಾತ್ರ ತೀರುವುದಿಲ್ಲ.

ಕೋಡ್ ಯಾಕೆ ಬರಲಿಲ್ಲ ಎಂಬುದನ್ನು ಮೊದಲು ನೋಡೋಣ. ನೀವು ನಂಬರು ಒತ್ತಿದ ಕೂಡಲೇ ಕಂಪೆನಿಯ ಸರ್ವರ್ ಅದು ಮೊಬೈಲ್ ನಂಬರೋ, ಸ್ಥಿರ ದೂರವಾಣಿಯೋ, ಇಂಟರ್‌ನೆಟ್ ಮೂಲಕ ನಡೆಯುವ ವಿಒಐಪಿ ನಂಬರೋ ಎಂದು ಪಟ್ಟಿಯಲ್ಲಿ ಪರಿಶೀಲಿಸುತ್ತದೆ. ವಿಒಐಪಿ ನಂಬರು ನಡೆಯುವುದಿಲ್ಲವೆಂದು ವಾಟ್ಸ್‌ಆ್ಯಪ್ ತನ್ನ ಸಹಾಯ ಪುಟದಲ್ಲೇ ಹೇಳಿದೆ. ಈ ತಪಾಸಣೆ ದಾಟಿದರೂ, ಒಂದು ನಂಬರಿನಲ್ಲಿ ಎಷ್ಟು ಖಾತೆ ತೆರೆಯಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಉಚಿತ ನಂಬರನ್ನು ನಿಮಗಿಂತ ಮೊದಲು ಸಾವಿರಾರು ಜನ ಬಳಸಿರುತ್ತಾರಾದ್ದರಿಂದ ಗೂಗಲ್ ಹಾಗೆ ಹೇಳಿದ್ದು. ಇನ್ನು ಕೆಲವು ಸಂದೇಶಗಳು ಆಯಾ ದೇಶದೊಳಗಿನ ಕೆಲವೇ ಅಂಕಿಯ ಚಿಕ್ಕ ನಂಬರಾದ ಶಾರ್ಟ್ ಕೋಡ್‌ನಿಂದ ಹೊರಡುತ್ತವೆ. ಅಂಥವು ವರ್ಚುವಲ್ ನಂಬರನ್ನು ತಲುಪದೆ ದಾರಿಯಲ್ಲೇ ಬಿದ್ದುಹೋಗುತ್ತವೆ.

ಕೋಡ್ ಬಂದೇಬಿಟ್ಟಿತು ಎನ್ನೋಣ. ಆಗಲೇ ಹೆಚ್ಚು ಅಪಾಯ. ಉಚಿತ ತಾಣದಲ್ಲಿ ಬಂದ ಸಂದೇಶವನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಒಟಿಪಿಯನ್ನು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಹಾಗೆ. ದುಡ್ಡು ಕೊಟ್ಟು ಕೊಳ್ಳುವ ನಂಬರುಗಳಲ್ಲಿ ಎರಡು ಬಗೆ. ಒಂದು, ಒಂದೇ ಒಟಿಪಿಗೆಂದು ಕೆಲವು ನಿಮಿಷಗಳ ಮಟ್ಟಿಗೆ ಸಿಗುವುದು. ಗಡುವು ಮುಗಿದ ಮೇಲೆ ಅದು ಇನ್ನೊಬ್ಬ ಗಿರಾಕಿಗೆ. ಇನ್ನೊಂದು, ತಿಂಗಳ ಬಾಡಿಗೆಯದು. ಬಾಡಿಗೆ ತಪ್ಪಿದರೆ ಅದೂ ಕೈಬಿಡುತ್ತದೆ.

ಇದೇನು ದೊಡ್ಡ ವಿಷಯ ಮಾರಾಯ್ರೆ, ಖಾತೆ ತೆರೆದಾಯಿತಲ್ಲ ಎನ್ನುವವರಿದ್ದಾರೆ. ಆದರೆ ಆ ನಂಬರಿನ ಕೆಲಸ ಖಾತೆ ತೆರೆದ ದಿನಕ್ಕೆ ಮುಗಿಯುವುದಿಲ್ಲ. ಹೊಸ ಫೋನಿನಲ್ಲಿ ಲಾಗಿನ್ ಆದಾಗ, ಪಾಸ್‌ವರ್ಡ್ ಮರೆತಾಗ, ಕಂಪೆನಿಗೆ ಏನಾದರೂ ಅನುಮಾನ ಬಂದಾಗ ಕೋಡ್ ಹೋಗುವುದು ಅದೇ ನಂಬರಿಗೆ. ಈಗ ಆ ನಂಬರು ಇಟ್ಟುಕೊಂಡವರು ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಸಾಕು, ನಿಮ್ಮ ಗಿರಾಕಿಗಳೆಲ್ಲ ಅವರ ಕೈಯಲ್ಲಿ.

ನಿಮಗೆ ಬೇಕಾದದ್ದು ನಿಮ್ಮದೇ ಹೆಸರಿನ ಎರಡನೇ ಸಿಮ್. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇರಬಹುದು. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಎರಡು ಸಿಮ್ ಹಾಕಬಹುದು, ಇಲ್ಲವೇ ಎರಡನೆಯದನ್ನು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನಲ್ಲೇ ಇರುವ ಸಿಮ್) ಮಾಡಿಕೊಳ್ಳಬಹುದು. ಮನೆಯ ನಂಬರಿನಲ್ಲಿ ಮಾಮೂಲಿ ವಾಟ್ಸ್‌ಆ್ಯಪ್, ಹೊಸದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್: ಎರಡೂ ಒಂದೇ ಫೋನಿನಲ್ಲಿ ಇರುತ್ತವೆ. ನೋಂದಣಿ ಆದ ಕೂಡಲೇ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ 6 ಅಂಕಿಯ ಪಿನ್ ಇಡಿ, ಇಮೇಲ್ ವಿಳಾಸವನ್ನೂ ಕೊಡಿ. ಇಮೇಲ್ ಕೊಡದೆ ಪಿನ್ ಮರೆತರೆ 7 ದಿನ ಕಾಯಬೇಕಾಗುತ್ತದೆ.

ಅಂದ ಹಾಗೆ, ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆಗೆ ಕೊಟ್ಟ ನಂಬರು ಬೇರೆ, ಪ್ರೊಫೈಲ್‌ನಲ್ಲಿ ಜನರಿಗೆ ಕಾಣುವ ನಂಬರು ಬೇರೆ. ಎಡಿಟ್ ಪ್ರೊಫೈಲ್‌ನಲ್ಲಿ ಸಂಪರ್ಕ ವಿವರ ತೋರಿಸುವ ಗುಂಡಿಯನ್ನು ಆಫ್ ಮಾಡಿದರೆ ನಂಬರು ಯಾರಿಗೂ ಕಾಣುವುದಿಲ್ಲ. ಬರೀ ಇನ್‌ಸ್ಟಾಗ್ರಾಮ್ ಸಾಕೆಂದರೆ ಹೊಸ ಸಿಮ್ ಕೂಡ ಬೇಡ.

ನಮ್ಮದು ಹಂಪನಕಟ್ಟೆಯ ಹಳೆಯ ಅಂಗಡಿ. ಗಿರಾಕಿಗಳಿಗೆ ಗೊತ್ತಿರುವುದು ಲ್ಯಾಂಡ್‌ಲೈನ್ ನಂಬರು ಮಾತ್ರ. ಅದಕ್ಕೇ ವಾಟ್ಸ್‌ಆ್ಯಪ್ ಮಾಡಲು ಸಾಧ್ಯವೇ? ಎಸ್‌ಎಂಎಸ್ ಬರುವುದಿಲ್ಲವಲ್ಲ.
– ಓದುಗರು, ಮಂಗಳೂರು

ಸಾಧ್ಯ, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಮಾತ್ರ. ದೇಶ ಭಾರತ ಎಂದು ಆರಿಸಿ, 0824ರ ಮೊದಲ ಸೊನ್ನೆ ಬಿಟ್ಟು 824 ಮತ್ತು ನಿಮ್ಮ 7 ಅಂಕಿ, ಒಟ್ಟು 10 ಅಂಕಿ ಒತ್ತಿ. (ಉಡುಪಿಯವರಾದರೆ 820.) ಆ್ಯಪ್ ಮೊದಲು ಎಸ್‌ಎಂಎಸ್ ಕಳಿಸಲು ನೋಡುತ್ತದೆ, ಅದು ಬರುವುದಿಲ್ಲ. ಪರದೆಯ ಮೇಲಿನ ಗಡಿಯಾರ ಮುಗಿಯುವವರೆಗೆ ಕಾದು, ಕರೆ ಮಾಡುವ ಆಯ್ಕೆ ಒತ್ತಿ. ಲ್ಯಾಂಡ್‌ಲೈನ್ ರಿಂಗಾಗುತ್ತದೆ, ಯಂತ್ರದ ದನಿ 6 ಅಂಕಿ ಹೇಳುತ್ತದೆ. ಪೆನ್ನು ಕೈಯಲ್ಲಿರಲಿ.

‘ಮಾರಾಟಕ್ಕೆ 1 ಒತ್ತಿರಿ’ ಎನ್ನುವ ಯಂತ್ರವೋ ಎಕ್ಸ್‌ಟೆನ್ಶನ್ ವ್ಯವಸ್ಥೆಯೋ ಇದ್ದರೆ ಆ ಅರ್ಧ ಗಂಟೆಯ ಮಟ್ಟಿಗೆ ತೆಗೆಸಿಡಿ. ಇಲ್ಲದಿದ್ದರೆ ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ಮಾತಾಡಿ ಕರೆ ಮುಗಿಯುತ್ತದೆ. ಮತ್ತೆ ಮತ್ತೆ ಪ್ರಯತ್ನಿಸಿದರೆ ಕಾಯುವ ಅವಧಿ ಗಂಟೆಗಳಿಗೆ ಏರುತ್ತದೆ. 1800ರಿಂದ ಶುರುವಾಗುವ ಟೋಲ್‌ಫ್ರೀ ನಂಬರು ಇದಕ್ಕೆ ನಡೆಯುವುದಿಲ್ಲ.

ಮಗ ಕುವೈತ್‌ನಲ್ಲಿದ್ದಾನೆ. ಅವನ ಇಲ್ಲಿಯ ಸಿಮ್ ನನ್ನ ಫೋನಿನಲ್ಲಿದೆ. ಬ್ಯಾಂಕಿನ ಒಟಿಪಿ ಬಂದರೆ ನಾನು ಓದಿ ಹೇಳುತ್ತೇನೆ. ರಾತ್ರಿ ಹೊತ್ತು ಕಷ್ಟವಾಗುತ್ತದೆ. ಭಾರತದ ವರ್ಚುವಲ್ ನಂಬರು ತೆಗೆದುಕೊಂಡು ಬ್ಯಾಂಕಿಗೆ ಅದನ್ನೇ ಕೊಡುತ್ತೇನೆ ಎನ್ನುತ್ತಾನೆ. ಆಗುತ್ತದಾ?
– ಓದುಗರು, ಕುಂದಾಪುರ

ಬೇಡ. ವ್ಯಾಪಾರಸ್ಥರಿಗಾಗಿ ಇಲ್ಲಿ ಸಿಗುವ ವರ್ಚುವಲ್ ನಂಬರುಗಳು ಕರೆ ಸ್ವೀಕರಿಸುವುದಕ್ಕೆ ಇರುವಂಥವು, ಬ್ಯಾಂಕಿನ ಒಟಿಪಿಗೆ ಅಲ್ಲ. ಯುಪಿಐಯಲ್ಲಂತೂ ಒಟಿಪಿ ಬಂದರೂ ಪ್ರಯೋಜನವಿಲ್ಲ. ನೋಂದಣಿಯ ಹೊತ್ತಿನಲ್ಲಿ ಆ್ಯಪ್ ತಾನೇ ಫೋನಿನಲ್ಲಿರುವ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೊರಗೆ ಕಳಿಸುತ್ತದೆ. ಸಿಮ್ ಕುಂದಾಪುರದಲ್ಲಿ, ಫೋನ್ ಕುವೈತ್‌ನಲ್ಲಿ ಇದ್ದರೆ ಅದು ಆಗದ ಮಾತು.

ನೀವು ಈಗ ಮಾಡುತ್ತಿರುವುದು ಕರಾವಳಿಯ ನೂರಾರು ಮನೆಗಳಲ್ಲಿ ನಡೆಯುತ್ತಿದೆ, ನಮಗೂ ಗೊತ್ತು. ಆದರೂ ನಿಲ್ಲಿಸಿ ಎಂದೇ ಹೇಳುತ್ತೇವೆ. ಫೋನಿನಲ್ಲಿ ಒಟಿಪಿ ಓದಿ ಹೇಳುವುದು ನಿಮಗೆ ಅಭ್ಯಾಸವಾಗಿಬಿಟ್ಟಿದೆ. ನಾಳೆ ಬೇರೆ ಯಾರೋ ಗಡಿಬಿಡಿಯಲ್ಲಿ ಕೇಳಿದರೂ ಬಾಯಿಗೆ ಬಂದುಬಿಡುತ್ತದೆ.

ಮಗ ಮುಂದಿನ ರಜೆಗೆ ಬಂದಾಗ ಸಿಮ್ ಜತೆಗೆ ಕೊಂಡುಹೋಗಲಿ. ಇಲ್ಲಿರುವಾಗಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಬೇಕು, ಅಲ್ಲಿ ಇಳಿದ ಮೇಲೆ ಮಾಡಿಸುವುದು ತಲೆನೋವು. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಕರೆ ಎತ್ತಿದರೆ, ಡೇಟಾ ಬಳಸಿದರೆ, ಎಸ್‌ಎಂಎಸ್ ಕಳಿಸಿದರೆ ದುಡ್ಡು ಹೋಗುತ್ತದೆ. ಹಾಗಾಗಿ ಈ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿಟ್ಟು, ಇಂಟರ್‌ನೆಟ್ಟಿಗೆ ಕುವೈತ್‌ನ ಸಿಮ್ ಬಳಸಲಿ. ಯುಪಿಐ ಬೇಕಿದ್ದರೆ ವಿಮಾನ ಹತ್ತುವ ಮೊದಲೇ ಅದೇ ಫೋನಿನಲ್ಲಿ ನೋಂದಾಯಿಸಿಕೊಳ್ಳಲಿ. ಅಲ್ಲಿ ಹೋಗಿ ಫೋನ್ ಬದಲಿಸಿದರೆ ಮತ್ತೆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು.

ರೀಚಾರ್ಜ್ ತಪ್ಪಬಾರದು. 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪೆನಿ ಕಡಿತ ಮಾಡಬಹುದು. ಬಳಕೆಯೆಂದರೆ ಕರೆ, ಹೊರಹೋಗುವ ಎಸ್‌ಎಂಎಸ್, ಡೇಟಾ ಇಂಥವು. ಒಟಿಪಿ ಬಂದು ಬೀಳುತ್ತಿದೆಯಲ್ಲ ಎಂದು ನೆಚ್ಚಿ ಕೂರಬೇಡಿ. ರೀಚಾರ್ಜ್ ಮಾಡುವ ಕೆಲಸವನ್ನು ಊರಿನಿಂದ ನೀವೇ ವಹಿಸಿಕೊಳ್ಳಬಹುದು.

ಇನ್ನೊಂದು ದಾರಿ, ಖಾತೆಗೆ ವಿದೇಶಿ ನಂಬರನ್ನೇ ಕೊಡುವುದು. ಅನೇಕ ಬ್ಯಾಂಕುಗಳು ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಇದನ್ನು ಒಪ್ಪುತ್ತವೆ, ಕೆಲವು ಇಮೇಲ್‌ಗೂ ಒಟಿಪಿ ಕಳಿಸುತ್ತವೆ, ಶಾಖೆಯಲ್ಲಿ ಕೇಳಿ. ಯುಪಿಐಗೆ ಮಾತ್ರ ಒಂದು ತೊಡಕಿದೆ. 2023ರ ಜನವರಿಯಲ್ಲಿ ವಿದೇಶಿ ನಂಬರಿಗೆ ಯುಪಿಐ ಬಿಟ್ಟಾಗ 10 ದೇಶಗಳ ಪಟ್ಟಿ ಬಂತು. ಕೊಲ್ಲಿಯಿಂದ ಯುಎಇ, ಸೌದಿ, ಒಮಾನ್, ಕತಾರ್ ಅದರಲ್ಲಿದ್ದವು. ಕುವೈತ್, ಬಹರೈನ್ ಇರಲಿಲ್ಲ. ಬ್ಯಾಂಕಿನಲ್ಲಿ ಈಗಿನ ಪಟ್ಟಿ ಕೇಳಿಕೊಂಡೇ ನಂಬರು ಬದಲಿಸಿ.

ವಾಟ್ಸ್‌ಆ್ಯಪ್ ವಿಷಯದಲ್ಲೂ ಒಂದು ಮಾತು. ಆ್ಯಪ್ ಇರುವ ಫೋನಿನಲ್ಲೇ ಆ ನಂಬರಿನ ಸಿಮ್ ಇರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಗೆ ಮೆಸೇಜಿಂಗ್ ಕಂಪೆನಿಗಳಿಗೆ ಸೂಚಿಸಿದೆ. ಸಿಮ್ ಮನೆಯಲ್ಲಿಟ್ಟು ಊರಿನ ನಂಬರಿನ ವಾಟ್ಸ್‌ಆ್ಯಪ್ ಅನ್ನು ಗಲ್ಫ್‌ನಲ್ಲಿ ನಡೆಸುತ್ತಿರುವವರು ಇದನ್ನು ಗಮನದಲ್ಲಿಡಬೇಕು.

ಎರಡು ವರ್ಷದ ಹಿಂದೆ ವರ್ಚುವಲ್ ನಂಬರಿನಲ್ಲಿ ಜಿಮೇಲ್, ಇನ್‌ಸ್ಟಾಗ್ರಾಮ್ ತೆರೆದಿದ್ದೆ. ಆ ನಂಬರು ಈಗ ನನ್ನಲ್ಲಿಲ್ಲ. ಫೋನಿನಲ್ಲಿ ಲಾಗಿನ್ ಮಾತ್ರ ಹಾಗೇ ಇದೆ.
– ಓದುಗರು, ಕಾರ್ಕಳ

ಹಾಗಾದರೆ ಖಾತೆ ಇನ್ನೂ ನಿಮ್ಮ ಕೈಯಲ್ಲಿದೆ. ಲಾಗ್‌ಔಟ್ ಮಾಡಬೇಡಿ, ಆ್ಯಪ್ ತೆಗೆಯಬೇಡಿ, ಫೋನ್ ರಿಸೆಟ್ ಮಾಡಬೇಡಿ. ಇವತ್ತೇ ಕುಳಿತು ಮುಗಿಸಿ.

ಮೊದಲು ಜಿಮೇಲ್, ಯಾಕೆಂದರೆ ಉಳಿದ ಖಾತೆಗಳನ್ನು ಉಳಿಸಿಕೊಳ್ಳುವುದಕ್ಕೂ ಅದೇ ಬೇಕು. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ನಿಮ್ಮ ನಿಜವಾದ ನಂಬರು ಮತ್ತು ಇನ್ನೊಂದು ಇಮೇಲ್ ಸೇರಿಸಿ. ಟೂ-ಸ್ಟೆಪ್ ವೆರಿಫಿಕೇಶನ್‌ನಲ್ಲಿ ಅಥೆಂಟಿಕೇಟರ್ ಆ್ಯಪ್ ಜೋಡಿಸಿ. ಇದರಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿ ಫೋನಿನಲ್ಲೇ ಹುಟ್ಟುತ್ತದೆ, ಎಸ್‌ಎಂಎಸ್‌ನ ಹಂಗಿಲ್ಲ. ಫೋನಿನ ಗಡಿಯಾರ ಆಟೊಮ್ಯಾಟಿಕ್ ಇರಲಿ. ಹೊತ್ತು ಹಿಂದುಮುಂದಾದರೆ ಕೋಡ್ ತಪ್ಪು ಎನ್ನುತ್ತದೆ. ಆಮೇಲೆ, ಬೇರೆ ದಾರಿ ಇಲ್ಲದಾಗ ಲಾಗಿನ್ ಆಗಲು ಬ್ಯಾಕಪ್ ಕೋಡ್: 8 ಅಂಕಿಯ 10 ಕೋಡ್ ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ, ಫೋನಿನ ಗ್ಯಾಲರಿಯಲ್ಲಿ ಬೇಡ. ಇಷ್ಟೆಲ್ಲ ಆದ ಮೇಲೆಯೇ ಹಳೆಯ ನಂಬರು ತೆಗೆಯಿರಿ. ಮೊದಲೇ ತೆಗೆಯಲು ಹೋಗಿ ಹೊರಗುಳಿದವರು ಬಹಳ.

ಇನ್‌ಸ್ಟಾಗ್ರಾಮ್‌ನಲ್ಲೂ ಇದೇ ಕ್ರಮ. ಅಕೌಂಟ್ಸ್ ಸೆಂಟರ್ ಒಳಗೆ ಪಾಸ್‌ವರ್ಡ್ ಆ್ಯಂಡ್ ಸೆಕ್ಯುರಿಟಿ ನೋಡಿ. ನಡುವೆ ಹಳೆಯ ನಂಬರಿಗೇ ಕೋಡ್ ಕಳಿಸುತ್ತೇನೆ ಎಂದರೆ ‘ಬೇರೆ ವಿಧಾನ’ ಒತ್ತಿ ಇಮೇಲ್ ಆರಿಸಿ.

ಟೆಲಿಗ್ರಾಂ ಗುಂಪೊಂದರಲ್ಲಿ, ನನ್ನ ನಂಬರಿಗೆ ಬರುವ ಒಟಿಪಿ ಹೇಳಿದರೆ ಒಂದಕ್ಕೆ 30 ರೂಪಾಯಿ ಕೊಡುತ್ತೇವೆ ಎನ್ನುತ್ತಾರೆ. ಬ್ಯಾಂಕಿನದಲ್ಲ, ಬರೀ ವಾಟ್ಸ್‌ಆ್ಯಪ್, ಶಾಪಿಂಗ್ ಆ್ಯಪ್‌ನದು. ತೊಂದರೆ ಇದೆಯಾ?
– ವಿದ್ಯಾರ್ಥಿ, ಕೊಣಾಜೆ

ಇದೆ. ಮೇಲೆ ಹೇಳಿದ ಬಾಡಿಗೆ ನಂಬರುಗಳ ವ್ಯಾಪಾರಕ್ಕೆ ಸರಕು ಸಿಗುವುದು ಹೀಗೂ ಹೌದು. ನಿಮ್ಮ ನಂಬರಿನ ವಾಟ್ಸ್‌ಆ್ಯಪ್‌ನಿಂದ ಯಾರಿಗಾದರೂ ಮೋಸವಾದರೆ ತನಿಖೆ ಶುರುವಾಗುವುದು ಸಿಮ್ ಯಾರ ಹೆಸರಿನಲ್ಲಿದೆ ಎಂಬಲ್ಲಿಂದ. ಬೇರೆಯವರಿಗಾಗಿ ಸಿಮ್ ತೆಗೆದುಕೊಡಿ ಎಂದು ಕೇಳುವುದು ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಈಗಾಗಲೇ ಕೋಡ್ ಕೊಟ್ಟಿದ್ದರೆ ನಿಮ್ಮ ನಂಬರನ್ನು ನಿಮ್ಮ ಫೋನಿನಲ್ಲೇ ಮತ್ತೆ ನೋಂದಾಯಿಸಿ ಪಿನ್ ಇಡಿ, ಮಾತುಕತೆಯ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ಹೇಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ.

ಹೊಸ ಸಿಮ್ ತೆಗೆದುಕೊಂಡೆ. ಬೇರೆ ಯಾರದೋ ಬ್ಯಾಂಕಿನ ಸಂದೇಶ, ಒಟಿಪಿ ಬರುತ್ತಿವೆ.
– ಓದುಗರು, ಸುರತ್ಕಲ್

ಸಿಮ್ ನಿಜವಾದದ್ದೇ, ನಂಬರು ಮಾತ್ರ ಹಳೆಯದು. ಕಡಿತವಾದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಇನ್ನೊಬ್ಬರಿಗೆ ಕೊಡುತ್ತಾರೆ. ಮೊದಲಿನವರು ಬ್ಯಾಂಕಿನಲ್ಲಿ ಬದಲಿಸಿಲ್ಲ. ಕಡಿತವಾದ ನಂಬರುಗಳ ಪಟ್ಟಿ ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಸಂದೇಶ ಬರುತ್ತಿರುವ ಬ್ಯಾಂಕಿನ ಹತ್ತಿರದ ಶಾಖೆಗೆ ಒಂದು ಅರ್ಜಿ ಕೊಡಿ. ಸಂದೇಶದ ಸ್ಕ್ರೀನ್‌ಶಾಟ್ ಮತ್ತು ಸಿಮ್ ಪಡೆದ ದಿನಾಂಕದ ದಾಖಲೆ ಜತೆಗಿರಲಿ, ಸ್ವೀಕೃತಿ ಪಡೆಯಿರಿ. ಈ ಕೋಡ್ ಹೇಳಿ ಎಂದು ಯಾರೇ ಕರೆ ಮಾಡಿದರೂ, ನಂಬರಿನ ಹಳೆಯ ಯಜಮಾನನೇ ಎಂದರೂ ಹೇಳಬೇಡಿ, ಶಾಖೆಗೆ ಹೋಗಲು ತಿಳಿಸಿ. ಈ ನಂಬರಿನಲ್ಲಿ ವಾಟ್ಸ್‌ಆ್ಯಪ್ ಶುರು ಮಾಡುವಾಗ ಮೊದಲಿನವರ ಪಿನ್ ಕೇಳಿದರೆ ಅದಕ್ಕೂ 7 ದಿನ ಕಾಯಬೇಕಾದೀತು.