ಬೀನ್ಸ್ ಎಲೆಯ ಕಂದು ಚುಕ್ಕೆ: ನುಸಿಯೋ, ಓಝೋನೋ?

ಸರ್, ಹೊಸಕೋಟೆ ಕಡೆಯ ನಿಮ್ಮ ಬೀನ್ಸ್‌ನಲ್ಲಿ ಕೆಳಗಿನ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿವೆ, ಎರಡು ಸಲ ಶಿಲೀಂಧ್ರನಾಶಕ ಹೊಡೆದರೂ ನಿಂತಿಲ್ಲ, ಇದು ಗಾಳಿಯ ಓಝೋನ್‌ನಿಂದ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಮೊದಲು ಎಲೆ ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಅಡಿಯಲ್ಲಿ ಸಣ್ಣ ಬಲೆ, ಓಡಾಡುವ ಹುಳ ಕಂಡರೆ ಅದು ನುಸಿ. ಓಝೋನ್ ಪೆಟ್ಟು ಮೇಲ್ಮೈಯಲ್ಲಿ ಕಾಣುತ್ತದೆ: ಸೂಜಿಮೊನೆಯಷ್ಟು ಕಂದು ಚುಕ್ಕೆ, ನರಗಳ ನಡುವೆ ಮಾತ್ರ, ನರ ಹಸಿರಾಗಿಯೇ ಉಳಿಯುತ್ತದೆ. ಹಳೆಯ ಎಲೆಗೆ ಹೆಚ್ಚು, ಚಿಗುರಿಗೆ ಇಲ್ಲ. ಒಂದರ ಮೇಲೊಂದು ಎಲೆ ಬಿದ್ದಿದ್ದರೆ ನೆರಳಾದ ಭಾಗ ಸ್ವಚ್ಛವಾಗಿರುತ್ತದೆ, ಇದು ಒಳ್ಳೆಯ ಗುರುತು.

ವಾಹನದ ಹೊಗೆ ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತದೆ, ಮಧ್ಯಾಹ್ನ ಏರುತ್ತದೆ. ನಗರದೊಳಗೆ ಹೊಸ ಹೊಗೆಯೇ ಅದನ್ನು ಸ್ವಲ್ಪ ತಿಂದುಹಾಕುವುದರಿಂದ, ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲೇ ಪ್ರಮಾಣ ಹೆಚ್ಚಿರುವುದುಂಟು. ಓಝೋನ್ ಪತ್ರರಂಧ್ರದಿಂದ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳಿಂದ, ಒಳಹೊಕ್ಕು ಜೀವಕೋಶ ಸುಡುತ್ತದೆ. ಎಲೆ ಬೇಗ ಉದುರಿ ಕಾಯಿ ತುಂಬುವುದಿಲ್ಲ. ಚುಕ್ಕೆ ಕಾಣದೆಯೂ ಇಳುವರಿ ಇಳಿಯಬಹುದು. ಬೆಳೆ ಅವಧಿಯ ಹಗಲಿನ ಪ್ರತಿ ಗಂಟೆಯಲ್ಲೂ ಓಝೋನ್ 40 ಪಿಪಿಬಿ (ಗಾಳಿಯ ನೂರು ಕೋಟಿ ಭಾಗದಲ್ಲಿ 40 ಭಾಗ) ಮೀರಿದಷ್ಟನ್ನು ಕೂಡಿಸಿ ಹಾನಿ ಅಂದಾಜಿಸುವುದು ಅದಕ್ಕೇ.

ಶಿಲೀಂಧ್ರನಾಶಕಕ್ಕೆ ಇನ್ನು ದುಡ್ಡು ಸುರಿಯಬೇಡಿ, ಸುಟ್ಟ ಎಲೆ ಮರಳುವುದಿಲ್ಲ. ನೀರು ಕೊಡುವುದು ನಿಲ್ಲಿಸಿದರೆ ಪತ್ರರಂಧ್ರ ಮುಚ್ಚಿ ಓಝೋನ್ ಒಳಹೋಗುವುದು ತಗ್ಗುತ್ತದೆ ನಿಜ, ಆದರೆ ಬರದ ನಷ್ಟ ಅದಕ್ಕಿಂತ ದೊಡ್ಡದು. ಓಝೋನ್ ತಾಳುವ ಶಕ್ತಿ ತಳಿಯಿಂದ ತಳಿಗೆ ಬಹಳ ಬೇರೆ. ಮುಂದಿನ ಬೇಸಿಗೆಗೆ ಎರಡು ಮೂರು ತಳಿ ಅಕ್ಕಪಕ್ಕ ಹಾಕಿ ಹೋಲಿಸಿ.