ಬರಹಗಾರರಿಗೆ ಸಲಹೆ: ಕಣ್ಣಿನ ಮಾತು ಕಡಿಮೆ ಮಾಡಿ, ಕಿವಿಯ ಮಾತು ಬರೆಯಿರಿ

ಜತ್ತ ತಾಲ್ಲೂಕಿನ ತಂಗಿಗೆ ಶರಣು.

ನಿಮ್ಮ 'ಕತ್ತಲಲ್ಲಿ ಅರಳಿದ ಬೆಳಕು' ಲೇಖನ ತಲುಪಿತು. ಅಮೆರಿಕದ ಅಂಧ ಗಾಯಕ ರೇ ಚಾರ್ಲ್ಸ್ ಬದುಕನ್ನು ಕುರಿತ 'ರೇ' ಸಿನಿಮಾದ ಮೇಲೆ ಏಳು ಪುಟ ಬರೆದಿದ್ದೀರಿ. ಕೊನೆಯ ಎರಡು ಪುಟ ನಮ್ಮ ಪಂಚಾಕ್ಷರಿ ಗವಾಯಿಗಳ ಮೇಲೆ ಬಂದ ಕನ್ನಡ ಸಿನಿಮಾಕ್ಕೆ ಕೊಟ್ಟಿದ್ದೀರಿ. ಹೆಸರು ಹಾಕದಿದ್ದರೆ ಪತ್ರಿಕೆಯಲ್ಲೇ ಉತ್ತರ ಕೊಟ್ಟರೂ ನಡೆಯುತ್ತದೆ ಎಂದಿದ್ದೀರಿ. ಇದು ಬೇರೆ ಹೊಸಬರಿಗೂ ಉಪಯೋಗವಾದೀತು ಎಂದು ಇಲ್ಲೇ ಬರೆಯುತ್ತಿದ್ದೇನೆ.

ಲೇಖನ ಈಗಿರುವಂತೆ ಅಚ್ಚಾಗುವುದಿಲ್ಲ. ಆದರೆ ಕೈಬಿಡುವಂಥದ್ದೂ ಅಲ್ಲ. ಕಾರಣ ಆರನೆಯ ಪುಟದಲ್ಲಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡ ದೋಷ. ನಿಮ್ಮ ಒಂಬತ್ತು ಪುಟಗಳಲ್ಲಿ ಕತ್ತಲು, ಬೆಳಕು, ಒಳಗಣ್ಣು, ಅಂತರಂಗದ ದೀಪ, ಕಾಣದ ಲೋಕ, ಕಂಡ ಸತ್ಯ ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಹಾಡಿನ ಹೆಸರು, ತಾಳ, ವಾದ್ಯ, ಧ್ವನಿ ಎಲ್ಲೋ ಅಲ್ಲೊಂದು ಇಲ್ಲೊಂದು. ಓದಿ ಮುಗಿಸಿದವರಿಗೆ ಇಬ್ಬರು ಸಂಗೀತಗಾರರಿಗೂ ಕಣ್ಣು ಇರಲಿಲ್ಲ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ಅವರು ಏನು ಹಾಡಿದರು, ಹೇಗೆ ಹಾಡಿದರು, ಆ ವಿದ್ಯೆ ಯಾರಿಂದ ಬಂತು ಎಂಬುದು ಗೊತ್ತಾಗುವುದಿಲ್ಲ. "ದೇವರು ಕಣ್ಣು ಕಿತ್ತುಕೊಂಡು ಕೊರಳು ಕೊಟ್ಟ" ಎಂದು ಶುರು ಮಾಡಿದ್ದೀರಿ. ಈ ವಾಕ್ಯ ಭಕ್ತಿಯಿಂದ ಬಂದದ್ದು, ಅದರಲ್ಲಿ ಕೆಡುಕಿಲ್ಲ. ಆದರೆ ಇದು ಒಬ್ಬ ಮನುಷ್ಯನ ಇಪ್ಪತ್ತು ಮೂವತ್ತು ವರ್ಷಗಳ ರಿಯಾಜನ್ನು ಒಂದೇ ಏಟಿಗೆ ಅಳಿಸಿಹಾಕುತ್ತದೆ. ದೇವರು ಕೊಟ್ಟ ಮೇಲೆ ಕಲಿಯುವುದೇನು ಉಳಿಯಿತು?

ರೇ ಚಾರ್ಲ್ಸ್ ವಿಷಯದಲ್ಲಂತೂ ಈ ಮಾತು ನಿಜವೂ ಅಲ್ಲ. ಆತ ಹುಟ್ಟಿದ್ದು 1930ರಲ್ಲಿ. ಫ್ಲೋರಿಡಾದ ಗ್ರೀನ್‌ವಿಲ್ ಎಂಬ ಸಣ್ಣ ಊರಿನಲ್ಲಿ ವೈಲಿ ಪಿಟ್‌ಮನ್ ಎಂಬವರ ರೆಡ್ ವಿಂಗ್ ಕೆಫೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ಪಿಟ್‌ಮನ್ ಬಾರಿಸುತ್ತಿದ್ದರೆ ಈ ಪುಟ್ಟ ಹುಡುಗ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ, ಅವರು ಅವನ ಬೆರಳು ಹಿಡಿದು ಕಲಿಸುತ್ತಿದ್ದರು. ಆಗ ಅವನಿಗೆ ಕಣ್ಣು ಕಾಣುತ್ತಿತ್ತು! ದೃಷ್ಟಿ ಮಂಜಾಗತೊಡಗಿದ್ದು ಐದರ ಸುಮಾರಿಗೆ, ಪೂರ್ತಿ ಹೋದದ್ದು ಏಳರ ಹೊತ್ತಿಗೆ. ಅಂದರೆ ಸಂಗೀತ ಮೊದಲು ಬಂತು. ನೀವು "ತಮ್ಮನ ಸಾವಿಗೆ ಅತ್ತು ಅತ್ತು ಕಣ್ಣು ಕಳೆದುಕೊಂಡ" ಎಂದು ಬರೆದಿದ್ದೀರಿ. ತಮ್ಮ ಜಾರ್ಜ್ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿ ಸತ್ತದ್ದು ನಿಜ, ರೇ ಅದನ್ನು ಕಣ್ಣಾರೆ ಕಂಡದ್ದೂ ನಿಜ. ಸಿನಿಮಾ ಆ ಎರಡು ಘಟನೆಗಳನ್ನು ಹತ್ತಿರ ಹತ್ತಿರ ತೋರಿಸುವುದರಿಂದ ನಿಮಗೆ ಹಾಗನ್ನಿಸಿದೆ. ಕಣ್ಣು ಹೋದದ್ದು ರೋಗದಿಂದ, ಗ್ಲಾಕೋಮಾ ಇದ್ದಿರಬೇಕು ಎನ್ನುತ್ತಾರೆ.

ಮುಂದೆ ಸೇಂಟ್ ಆಗಸ್ಟೀನ್ ಊರಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯಲ್ಲಿ ಆತ ಬ್ರೈಲ್ ಸ್ವರಲಿಪಿ ಓದಲು ಕಲಿತ. ಆ ಲಿಪಿಯಲ್ಲಿ ಪಿಯಾನೊ ಪಾಠ ಓದುವುದು ಎಂಥ ಕೆಲಸ ಎಂದು ಒಂದು ಕ್ಷಣ ಯೋಚಿಸಿ. ಕಣ್ಣಿದ್ದವರು ಎದುರಿನ ಪುಸ್ತಕ ನೋಡುತ್ತ ಎರಡೂ ಕೈಯಿಂದ ಬಾರಿಸುತ್ತಾರೆ. ಬೆರಳಿನಿಂದಲೇ ಓದಬೇಕಾದವನು ಏನು ಮಾಡಬೇಕು? ಒಂದು ಕೈಯಿಂದ ಕೆಲವು ಸಾಲು ಓದಿ, ಇನ್ನೊಂದು ಕೈಯಿಂದ ಬಾರಿಸಿ ನೆನಪಿಟ್ಟುಕೊಳ್ಳಬೇಕು. ಆಮೇಲೆ ಕೈ ಬದಲಿಸಿ ಉಳಿದ ಭಾಗ ಓದಬೇಕು. ಎರಡೂ ಬಾಯಿಪಾಠವಾದ ಮೇಲೆಯೇ ಕೂಡಿಸಿ ಬಾರಿಸಬೇಕು. ಬಾಖ್, ಮೊಜಾರ್ಟ್ ಎಲ್ಲವನ್ನೂ ಆ ಹುಡುಗ ಹೀಗೆ ತುಂಡು ತುಂಡಾಗಿ ತಲೆಗೆ ಇಳಿಸಿಕೊಂಡ. ದೊಡ್ಡವನಾದ ಮೇಲೆ ಇಡೀ ವಾದ್ಯಮೇಳದ ಸ್ವರಗಳನ್ನು ಬಾಯಲ್ಲೇ ಹೇಳಿ ಬರೆಸುತ್ತಿದ್ದ ಶಕ್ತಿ ಇಲ್ಲಿಂದ ಬಂದದ್ದು. ನಿಮ್ಮ ಲೇಖನದಲ್ಲಿ ಈ ಶಾಲೆಗೆ ಸಿಕ್ಕಿದ್ದು ಅರ್ಧ ಸಾಲು, "ಒಳಗಣ್ಣಿಗೆ" ಸಿಕ್ಕಿದ್ದು ಒಂದೂವರೆ ಪುಟ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಜಾರ್ಜಿಯಾ ರಾಜ್ಯ ರೇ ಚಾರ್ಲ್ಸ್‌ಗೆ ಜೀವನಪರ್ಯಂತ ನಿಷೇಧ ಹಾಕಿತ್ತು, 1979ರಲ್ಲಿ ವಿಧಾನಸಭೆಯಲ್ಲೇ ಕ್ಷಮೆ ಕೇಳಿ ಅದನ್ನು ತೆಗೆಯಿತು ಎಂದು ಇತಿಹಾಸದ ಸಂಗತಿಯಂತೆ ಬರೆದಿದ್ದೀರಿ. ಅದು ಸಿನಿಮಾದವರು ಕಟ್ಟಿದ ಕತೆ. ನಡೆದದ್ದು ಬೇರೆ. 1961ರಲ್ಲಿ ಆಗಸ್ಟಾ ನಗರದಲ್ಲಿ ಬಿಳಿಯರಿಗೊಂದು ಕಡೆ ಕರಿಯರಿಗೊಂದು ಕಡೆ ಜಾಗ ಮಾಡಿದ್ದ ಕಾರ್ಯಕ್ರಮದಲ್ಲಿ ಆತ ಹಾಡಲು ಒಪ್ಪಲಿಲ್ಲ. ಅಲ್ಲಿ ಹೀಗೆ ಭೇದ ಮಾಡುತ್ತಾರೆಂದು ವಿದ್ಯಾರ್ಥಿಗಳು ಆತನಿಗೆ ಮೊದಲೇ ತಿಳಿಸಿದ್ದರು. ಕಾರ್ಯಕ್ರಮ ಏರ್ಪಡಿಸಿದವರು ಕೋರ್ಟಿಗೆ ಹೋದರು, ಆತ ಪರಿಹಾರ ಕಟ್ಟಬೇಕಾಯಿತು. ನಿಷೇಧ ಮಾತ್ರ ಯಾರೂ ಹಾಕಲಿಲ್ಲ, ಆತ ಮುಂದೆಯೂ ಆ ರಾಜ್ಯದಲ್ಲಿ ಹಾಡಿದ. 1979ರಲ್ಲಿ 'ಜಾರ್ಜಿಯಾ ಆನ್ ಮೈ ಮೈಂಡ್' ಆ ರಾಜ್ಯದ ನಾಡಗೀತೆಯಾಯಿತು, ಆತ ವಿಧಾನಸಭೆಯಲ್ಲಿ ಅದನ್ನು ಹಾಡಿದ. ಅಷ್ಟೇ ಸಾಕಲ್ಲವೇ? ದುಡ್ಡು ಹೋದರೂ ಹೋಗಲಿ ಎಂದು ಒಬ್ಬ ಕಲಾವಿದ ವೇದಿಕೆ ನಿರಾಕರಿಸಿದ್ದು ನಿಷೇಧದ ಕತೆಗಿಂತ ನನಗೆ ದೊಡ್ಡದಾಗಿ ಕಾಣುತ್ತದೆ. ಜೀವನಚರಿತ್ರೆಯ ಸಿನಿಮಾ ಎರಡೂವರೆ ತಾಸಿನಲ್ಲಿ ಒಂದು ಬಾಳನ್ನು ಹೇಳಬೇಕು. ಅದು ಕೂಡಿಸುತ್ತದೆ, ಕಳೆಯುತ್ತದೆ, ಹಿಂದುಮುಂದು ಮಾಡುತ್ತದೆ. ಅದರ ಬಗ್ಗೆ ಬರೆಯುವವರು "ಸಿನಿಮಾ ಹೀಗೆ ತೋರಿಸುತ್ತದೆ" ಎಂಬುದನ್ನೂ "ಹೀಗೆ ನಡೆಯಿತು" ಎಂಬುದನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಡಬೇಕು. ನಮ್ಮ ಓದುಗರಲ್ಲಿ ಬಹಳ ಜನ ಇಂಥ ಸಂಗತಿಯನ್ನು ಮೊದಲ ಸಲ ಕನ್ನಡದಲ್ಲಿ ಓದುವುದೇ ನಿಮ್ಮಿಂದ. ಅವರಿಗೆ ನಾವು ತಪ್ಪು ಕೊಡಬಾರದು.

ಈಗ ಆರನೆಯ ಪುಟ. ನಿಮ್ಮ ಸೋದರಮಾವ ಊರಿನ ಭಜನಿ ಮೇಳದಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುತ್ತಾರೆ, ಸಿನಿಮಾ ಅರ್ಧಕ್ಕೆ ಬಂದಾಗ ಹಿಂದಿನಿಂದ ನೋಡಿ "ಈ ಮನಶಾ ಖರೇನ ಬಾರಸಾಕತ್ತಾನ ನೋಡವಾ" ಅಂದರು ಎಂದು ಬರೆದಿದ್ದೀರಿ. ಬರೆದು ಮುಂದಿನ ಸಾಲಿಗೇ ಮತ್ತೆ ಅಂತರಂಗದ ದೀಪಕ್ಕೆ ಹೋಗಿಬಿಟ್ಟಿದ್ದೀರಿ! ತಂಗಿ, ಇಡೀ ಲೇಖನದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಅದು. ಮಾವ ಇಂಗ್ಲಿಷ್ ಮಾತು ಕೇಳಲಿಲ್ಲ, ಕತೆ ಕೇಳಲಿಲ್ಲ, ನಟನ ಬೆರಳು ನೋಡಿದರು. ಅವರು ಹೇಳಿದ್ದು ಸರಿ. ರೇ ಪಾತ್ರ ಮಾಡಿದ ಜೇಮಿ ಫಾಕ್ಸ್ ಚಿಕ್ಕಂದಿನಿಂದ ಪಿಯಾನೊ ಕಲಿತವನು, ಕಾಲೇಜಿನಲ್ಲೂ ಅದನ್ನೇ ಓದಿದವನು. ಚಿತ್ರೀಕರಣದ ದಿನಗಳಲ್ಲಿ ಕಣ್ಣಿನ ಮೇಲೆ ಕೃತಕ ರೆಪ್ಪೆ ಅಂಟಿಸಿಕೊಂಡು ತಾಸುಗಟ್ಟಲೆ ಏನೂ ಕಾಣದೆ ಇರುತ್ತಿದ್ದ. ಆ ಪಾತ್ರಕ್ಕೆ ಆಸ್ಕರ್ ಬಂತು. ಆದರೆ ಹಾಡುವಾಗ ನಮಗೆ ಕೇಳುವ ಕಂಠ ಹೆಚ್ಚಿನಂಶ ರೇ ಚಾರ್ಲ್ಸ್‌ದೇ, ಹಳೆಯ ಧ್ವನಿಮುದ್ರಣಗಳದ್ದು. ಬೆರಳು ಒಬ್ಬನದು, ಕೊರಳು ಇನ್ನೊಬ್ಬನದು. ಸಿನಿಮಾ 2004ರ ಅಕ್ಟೋಬರಿನಲ್ಲಿ ತೆರೆ ಕಾಣುವ ಹೊತ್ತಿಗೆ ಆ ಕೊರಳಿನ ಒಡೆಯ ಇರಲಿಲ್ಲ, ಜೂನ್‌ನಲ್ಲೇ ತೀರಿಕೊಂಡಿದ್ದ.

ಇದೇ ಪ್ರಶ್ನೆಯನ್ನು ಗವಾಯಿಗಳ ಸಿನಿಮಾಕ್ಕೂ ಕೇಳಿ: ಪರದೆಯ ಮೇಲೆ ತುಟಿ ಯಾರದು, ಕಂಠ ಯಾರದು? 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ್ದು. 1995ರ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಹಾಡಿದ್ದಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂತು. ಮೋಡ ಕವಿದು ಗುಡುಗುವುದನ್ನು ಹಾಡುವ 'ಉಮಂಡ ಘುಮಂಡ' ಎಂಬ ಹಿಂದಿ ಬಂದಿಶಿಗೆ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿಗೆ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ, ತೆಲುಗು ಮನೆಮಾತಿನ ಗಾಯಕರೊಬ್ಬರು ಕನ್ನಡ ಸಿನಿಮಾಕ್ಕಾಗಿ ಹಿಂದೂಸ್ತಾನಿ ಬಂದಿಶು ಹಾಡಿ ದೇಶದ ಪ್ರಶಸ್ತಿ ತಂದರು. ಗವಾಯಿಗಳು ಕಲಿತು ಕಲಿಸಿದ ಗಾಯನಕ್ಕೂ ಸಿನಿಮಾದ ಈ ಗಾಯನಕ್ಕೂ ಏನು ಅಂತರ, ಏನು ಹತ್ತಿರ? ಆಲಾಪಕ್ಕೆ ಸಿನಿಮಾದಲ್ಲಿ ಎಷ್ಟು ಜಾಗ ಸಿಕ್ಕಿತು? ನಿಮ್ಮ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಡು ಕೇಳಿ, ಅವರು ಎಲ್ಲಿ ತಲೆದೂಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಬರೆದುಕೊಳ್ಳಿ. ನಾನು ಓದಬೇಕೆಂದಿರುವ ಲೇಖನ ಅದು.

ಗವಾಯಿಗಳ ಬದುಕನ್ನು "ಪವಾಡ" ಎಂದು ಎರಡು ಪುಟದಲ್ಲಿ ಮುಗಿಸಿದ್ದೀರಿ. ನನ್ನ ಮನಸ್ಸಿಗೆ ನೋವಾದದ್ದು ಅಲ್ಲೇ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಎಂಬ ಹುಡುಗನ ಕಂಠವನ್ನು ಹಾನಗಲ್ ಕುಮಾರಸ್ವಾಮಿಗಳು ಗುರುತಿಸಿದರು, ಗುರುಗಳನ್ನು ಹುಡುಕಿ ಕಲಿಸಿದರು, ವರ್ಷಗಟ್ಟಲೆ ಖರ್ಚು ನೋಡಿಕೊಂಡರು. ಆ ಹುಡುಗ ಗವಾಯಿಯಾದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠಶಾಲೆ ನಡೆಸಿದರು. ಆ ಮಕ್ಕಳ ಊಟಕ್ಕೆ ಜೋಳಿಗೆ ಹಿಡಿದರು, ನಾಟಕ ಕಂಪನಿ ಕಟ್ಟಿದರು. ಗದಗದ ವೀರೇಶ್ವರ ಪುಣ್ಯಾಶ್ರಮ ಹೀಗೆ ನಿಂತದ್ದು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 2010ರವರೆಗೆ ಆ ಭಾರ ಇಳಿಸಲಿಲ್ಲ. ಇದರಲ್ಲಿ ಯಾವುದು ಪವಾಡ? ಇದು ಹಿಟ್ಟು, ಎಣ್ಣೆ, ಪೇಟಿ, ತಬಲಾ, ಬಸ್ ಚಾರ್ಜು ಎಲ್ಲದರ ಲೆಕ್ಕ ಹಿಡಿದು ಮಾಡಿದ ಕೆಲಸ.

ಆ ಆಶ್ರಮದ ಹೆಸರು ಹೇಳುವಾಗ ನೀವು ಗಮನಿಸದ ಒಂದು ಸಂಗತಿಯಿದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಕಣ್ಣಿದ್ದವರು. ಪುಟ್ಟರಾಜರ ಬಳಿ ಹತ್ತು ಹನ್ನೆರಡು ವರ್ಷ ಕಲಿತ ವೆಂಕಟೇಶಕುಮಾರರೂ ಕಣ್ಣಿದ್ದವರು. ಕಣ್ಣಿಲ್ಲದ ಗುರುವಿನಿಂದ ಕಣ್ಣಿದ್ದ ಶಿಷ್ಯನಿಗೆ ಆ ಕಿವಿ ದಾಟಿದೆ. ಕುರುಡುತನವೇ ಕಿವಿ ಕೊಡುವುದಾಗಿದ್ದರೆ ಅದು ಹೀಗೆ ದಾಟುತ್ತಿರಲಿಲ್ಲ. ಕಲಿಸಿದರೆ ಬರುವಂಥದ್ದು ಅದು, ತಾಲೀಮಿನಿಂದ ಬರುವಂಥದ್ದು.

ಇದನ್ನು ನೀವೇ ಕಣ್ಣಾರೆ ಕಾಣಬೇಕೆಂದರೆ ದೂರ ಹೋಗಬೇಕಿಲ್ಲ. ಮಿರಜ ನಿಮ್ಮದೇ ಸಾಂಗಲಿ ಜಿಲ್ಲೆಯಲ್ಲಿದೆ. ನಿಮ್ಮ ಲೇಖನದಲ್ಲಿ ಫ್ಲೋರಿಡಾ ಇದೆ, ಜಾರ್ಜಿಯಾ ಇದೆ, ಮಿರಜ ಮಾತ್ರ ಇಲ್ಲ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಬಂದು ನೆಲೆಸಿದ ಊರು, ಉರುಸಿನಲ್ಲಿ ದರ್ಗಾದ ಅಂಗಳದಲ್ಲಿ ಇಂದಿಗೂ ಗಾಯಕರು ಹಾಡುವ ಊರು, ಧಾರವಾಡ ಸೀಮೆಯ ಹುಡುಗ ಮಲ್ಲಿಕಾರ್ಜುನ ಮನ್ಸೂರ ನೀಲಕಂಠಬುವಾ ಅವರ ಬಳಿ ಕಲಿಯಲು ಬಂದ ಊರು. ಅಲ್ಲಿ ಸತಾರ್‌ಮೇಕರ್ ಮನೆತನದವರ ಅಂಗಡಿಗಳಲ್ಲಿ ತಂಬೂರಿ ಮಾಡುತ್ತಾರೆ. ಬುರುಡೆಗೆ ಬೇಕಾದ ದೊಡ್ಡ ಸೋರೆ ಬೆಳೆಯುವುದು ಪಂಢರಪುರ, ಮಂಗಳವೇಡೆ ಕಡೆಯ ಹೊಲಗಳಲ್ಲಿ. ಮಿರಜದ ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಒಂದು ದಿನ ಹೋಗಿ ಜವಾರಿ ತೆಗೆಯುವುದನ್ನು ನೋಡಿ. ತಂತಿ ಕೂರುವ ಕುದುರೆಯ ಮೇಲ್ಮೈಯನ್ನು ಕುಶಲಕರ್ಮಿ ಕೂದಲೆಳೆಯಷ್ಟು ಉಜ್ಜುತ್ತಾನೆ, ತಂತಿ ಮೀಟುತ್ತಾನೆ, ಕೇಳುತ್ತಾನೆ, ಮತ್ತೆ ಉಜ್ಜುತ್ತಾನೆ. ತಂತಿಯ ಕೆಳಗೆ ನೂಲಿನ ಎಳೆ ಸರಿಸುತ್ತಾನೆ. ಸ್ವರ ಅರಳಿ ಝೇಂಕರಿಸುವವರೆಗೆ ಬಿಡುವುದಿಲ್ಲ. ಆ ಮನುಷ್ಯನಿಗೆ ಎರಡು ಕಣ್ಣೂ ಇವೆ, ಕಿವಿಯನ್ನು ತಂದೆ, ಅಜ್ಜ ಕೂತು ತಿದ್ದಿದ್ದಾರೆ. ಅವನನ್ನು ನೋಡಿ ಬಂದ ಮೇಲೆ ಗವಾಯಿಗಳ ಬಗ್ಗೆ ನೀವು ಬರೆಯುವ ರೀತಿ ಬೇರೆಯಾಗುತ್ತದೆ.

ಒಂದು ದೃಶ್ಯವನ್ನು ಮಾತ್ರ ಖಂಡಿತ ಉಳಿಸಿಕೊಳ್ಳಿ. ಕಣ್ಣು ಹೋದ ಬಾಲಕ ಮನೆಯಲ್ಲಿ ಎಡವಿ ಬಿದ್ದು ಅವ್ವನನ್ನು ಕರೆಯುವ ದೃಶ್ಯ. ಅವ್ವ ಅಲ್ಲೇ ನಿಂತಿದ್ದರೂ ಹೋಗಿ ಎತ್ತುವುದಿಲ್ಲ, ತುಟಿ ಕಚ್ಚಿ ಸುಮ್ಮನಿರುತ್ತಾಳೆ. ನೀವು "ನನ್ನ ಕಣ್ಣು ತುಂಬಿ ಬಂದವು" ಎಂದು ಬರೆದು ನಿಲ್ಲಿಸಿದ್ದೀರಿ. ನಿಮ್ಮ ಕಣ್ಣೀರು ನನಗೆ ಬೇಡ, ಹುಡುಗನ ಕಿವಿ ಬೇಕು. ಅಳು ನಿಲ್ಲಿಸಿದ ಮೇಲೆ ಅವನಿಗೆ ಮೊದಲು ಯಾವ ಸದ್ದು ಕೇಳುತ್ತದೆ, ಅದರ ನಂತರ ಯಾವುದು, ಒಲೆಯ ಕಡೆ ಕೈ ಹೇಗೆ ಹೋಗುತ್ತದೆ, ಜೀರುಂಡೆಯನ್ನು ಹೇಗೆ ಹಿಡಿಯುತ್ತಾನೆ, ಅವ್ವ ಅಲ್ಲೇ ಇದ್ದಾಳೆಂದು ಯಾವಾಗ ತಿಳಿಯುತ್ತದೆ, ಇದೇ ಕ್ರಮದಲ್ಲಿ ಬರೆಯಿರಿ. ಅಳು ಬರಬೇಕಾದರೆ ಓದುಗರಿಗೆ ತಾನಾಗಿ ಬರುತ್ತದೆ.

ಭಾಷೆಯ ಬಗ್ಗೆ ಹೆಚ್ಚಿಲ್ಲ. ಮಾವನ ಮಾತನ್ನು ಬರೆದ ಕೈಯಲ್ಲೇ ಉಳಿದದ್ದನ್ನೂ ಬರೆಯಿರಿ. ಮರಾಠಿ ಪ್ರದೇಶದಲ್ಲಿದ್ದು ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗ ಹುಡುಗಿಯರು ತಮ್ಮ ಕನ್ನಡ ಸಾಲದೇನೋ ಎಂದು ಹೆದರಿ ಪುಸ್ತಕದ ಮಾತು ಪೇರಿಸುತ್ತಾರೆ. ನಿಮ್ಮ ಮನೆಯ ಮಾತು ಗಟ್ಟಿಯಾಗಿದೆ, ಅದರ ಮೇಲೆ ನಂಬಿಕೆ ಇಡಿ.

ಶೀರ್ಷಿಕೆ ಬದಲಿಸಿ. ಎರಡು ಸಿನಿಮಾ ಬೇಡ, ಗವಾಯಿಗಳದ್ದನ್ನು ಮುಖ್ಯ ಮಾಡಿಕೊಂಡು ರೇ ಚಾರ್ಲ್ಸ್‌ನನ್ನು ಹೋಲಿಕೆಗೆ ಬೇಕಾದಲ್ಲಿ ಮಾತ್ರ ತನ್ನಿ. ಐದು ಪುಟ ಸಾಕು. ಮಾವನ ಹೆಸರು ಹಾಕುವುದಾದರೆ ಅವರನ್ನು ಕೇಳಿ ಹಾಕಿ. ಮಿರಜಕ್ಕೆ ಹೋದಾಗ ಅಂಗಡಿಯವರ ಕೆಲಸದ ಹೊತ್ತು ಕೇಳಿಕೊಂಡು ಹೋಗಿ, ಅವರು ತಂತಿ ಕೂಡಿಸುವಾಗ ಮಾತಾಡಿಸಬೇಡಿ, ಮುಗಿದ ಮೇಲೆ ಕೇಳಿ. ಶ್ರಾವಣದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.