ವಾಲ್ಕಾಟ್‌ಗೂ 38, ಹೋಮ್ಸ್‌ಗೂ 38

ಪ್ರಿಯ ಲೇಖಕರೇ,

'ಹೊಗಳಿಕೆಗೆ ತಕ್ಕವರಲ್ಲದ ಐವರು ಬಾಕ್ಸರ್‌ಗಳು' ಎಂಬ ನಿಮ್ಮ ಲೇಖನ ತಲುಪಿತು. ರಾಕಿ ಮಾರ್ಸಿಯಾನೊ, ಫ್ಲಾಯ್ಡ್ ಮೇವೆದರ್, ನಸೀಮ್ ಹಮೀದ್, ಜೋ ಕಾಲ್ಜಾಗಿ, ಡಿಯೊಂಟೆ ವೈಲ್ಡರ್, ಈ ಐವರ ಖ್ಯಾತಿ ಅವರ ಯೋಗ್ಯತೆಯನ್ನು ಮೀರಿ ಬೆಳೆದಿದೆ ಎಂಬುದು ನಿಮ್ಮ ವಾದ. ಅವರೆದುರು ಮೈಕ್ ಟೈಸನ್ ಅವರನ್ನು ನಿಲ್ಲಿಸಿ, ನಿಜವಾದ ಹೊಗಳಿಕೆ ಸಲ್ಲಬೇಕಾದದ್ದು ಇವರಿಗೆ ಎಂದಿದ್ದೀರಿ. ನಿಮ್ಮ ಭಾಷೆ ತಿಳಿಯಾಗಿದೆ. ವಾಕ್ಯಗಳು ಚುರುಕಾಗಿ ಓಡುತ್ತವೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಆದರೆ ಈಗಿರುವ ರೂಪದಲ್ಲಿ ನಾನು ಇದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುವ ಉತ್ತರವನ್ನು ಇಷ್ಟು ಉದ್ದ ಬರೆಯಲು ಕಾರಣ ನಿಮ್ಮ ಎರಡನೆಯ ಪುಟ. ಅದನ್ನು ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟಿನ ಕಾರಣ ನಿಮಗೆ ತಿಳಿಯಬೇಕು.

ಎರಡನೆಯ ಪುಟದ ಮೊದಲ ವಾಕ್ಯ: "ಮಾರ್ಸಿಯಾನೊನ 49 ಗೆಲುವುಗಳಲ್ಲಿ ಲೆಕ್ಕಕ್ಕೆ ಬರುವಂಥವೆಲ್ಲ ಮುದುಕರ ಮೇಲೆ ಬಂದವು." ಅದರ ಬೆನ್ನಿಗೇ: "38 ವರ್ಷದ ವಾಲ್ಕಾಟ್‌ನನ್ನು ಕೆಡವಿ ಸುಲಭವಾಗಿ ಪಟ್ಟ ಗಿಟ್ಟಿಸಿಕೊಂಡದ್ದು ಯಾವ ಸೀಮೆಯ ಸಾಧನೆ?"

ಈಗ ನಿಮ್ಮದೇ ಐದನೆಯ ಪುಟಕ್ಕೆ ಬನ್ನಿ. ಅಲ್ಲಿ ಟೈಸನ್ ಪರವಾಗಿ ಹೀಗೆ ಬರೆದಿದ್ದೀರಿ: "ಮಹಾನ್ ಲ್ಯಾರಿ ಹೋಮ್ಸ್‌ರನ್ನು ನಾಲ್ಕೇ ಸುತ್ತಿನಲ್ಲಿ ಮಲಗಿಸಿದ ಆ ರಾತ್ರಿಯೊಂದೇ ಸಾಕು, ಟೈಸನ್ ಏನೆಂದು ತಿಳಿಯಲು." ಆ ಪಂದ್ಯ ನಡೆದದ್ದು 1988ರ ಜನವರಿಯಲ್ಲಿ. ಹೋಮ್ಸ್ ಹುಟ್ಟಿದ್ದು 1949ರ ನವೆಂಬರ್‌ನಲ್ಲಿ. ಲೆಕ್ಕ ಹಾಕಿ, ಹೋಮ್ಸ್‌ಗೆ ಆಗ 38 ವರ್ಷ. ಜರ್ಸಿ ಜೋ ವಾಲ್ಕಾಟ್ ಹುಟ್ಟಿದ್ದು 1914ರ ಜನವರಿಯಲ್ಲಿ, ಮಾರ್ಸಿಯಾನೊ ಅವರೆದುರು ರಿಂಗ್ ಏರಿದ್ದು 1952ರ ಸೆಪ್ಟೆಂಬರ್‌ನಲ್ಲಿ. ಅವರಿಗೂ 38. ಒಂದೇ ವಯಸ್ಸು ಎರಡನೆಯ ಪುಟದಲ್ಲಿ ಗೆದ್ದವನಿಗೆ ಕಳಂಕ, ಐದನೆಯ ಪುಟದಲ್ಲಿ ಗೆದ್ದವನಿಗೆ ಕಿರೀಟ. ಒಬ್ಬರನ್ನು 'ಮುದುಕ' ಎಂದಿರಿ, ಇನ್ನೊಬ್ಬರನ್ನು 'ಮಹಾನ್' ಎಂದಿರಿ. ನಡುವೆ ಮೂರೇ ಪುಟಗಳ ಅಂತರ.

ಇಬ್ಬರ ಸ್ಥಿತಿಯನ್ನು ಇನ್ನೂ ಹತ್ತಿರದಿಂದ ನೋಡೋಣ. ಹೋಮ್ಸ್ ಟೈಸನ್ ಎದುರು ಬಂದಾಗ 1986ರ ಏಪ್ರಿಲ್‌ನಿಂದ ಒಂದೂ ಪಂದ್ಯ ಆಡಿರಲಿಲ್ಲ. ಆಡಿದ ಕೊನೆಯ ಎರಡು ಪಂದ್ಯಗಳನ್ನೂ ಮೈಕೆಲ್ ಸ್ಪಿಂಕ್ಸ್ ಎದುರು ಸೋತಿದ್ದರು. ವಾಲ್ಕಾಟ್ ಮಾತ್ರ ಅಂದು ಹಾಲಿ ವಿಶ್ವ ಹೆವಿವೇಟ್ ಚಾಂಪಿಯನ್. ಅದೇ ವರ್ಷದ ಜೂನ್‌ನಲ್ಲಿ ಎಝರ್ಡ್ ಚಾರ್ಲ್ಸ್ ಅವರಂಥ ಬಾಕ್ಸರ್‌ನ ಎದುರು ಪಟ್ಟ ಉಳಿಸಿಕೊಂಡವರು. ಆ ಪಟ್ಟಕ್ಕೆ ಅವರು ಎಷ್ಟು ಕಾದಿದ್ದರು ಎಂಬುದು ನಿಮಗೆ ಗೊತ್ತಿದ್ದರೆ 'ಮುದುಕ' ಎಂಬ ಮಾತು ನಿಮ್ಮ ಕೈಯಿಂದ ಇಷ್ಟು ಸಲೀಸಾಗಿ ಹೊರಡುತ್ತಿರಲಿಲ್ಲ. ವೃತ್ತಿಗೆ ಇಳಿದದ್ದು 1930ರಲ್ಲಿ. ಬಡತನ, ತುಂಬಿದ ಸಂಸಾರ, ಹೊಟ್ಟೆಪಾಡಿಗಾಗಿ ನಡುನಡುವೆ ಕೈಬಿಟ್ಟ ಬಾಕ್ಸಿಂಗ್. 1947ರ ಡಿಸೆಂಬರ್‌ನಲ್ಲಿ ಅಂದಿನ ಚಾಂಪಿಯನ್ ಜೋ ಲೂಯಿಸ್ ಅವರನ್ನು ಎರಡು ಸಲ ನೆಲಕ್ಕೆ ಕೆಡವಿಯೂ ತೀರ್ಪುಗಾರರ ಒಮ್ಮತವಿಲ್ಲದ ತೀರ್ಪಿನಲ್ಲಿ ಸೋತರು. ಪಟ್ಟ ಸಿಕ್ಕಿದ್ದು ಐದನೆಯ ಪ್ರಯತ್ನದಲ್ಲಿ, 1951ರ ಜುಲೈಯಲ್ಲಿ, 37ನೆಯ ವಯಸ್ಸಿನಲ್ಲಿ, ಚಾರ್ಲ್ಸ್ ಅವರನ್ನು ಏಳನೆಯ ಸುತ್ತಿನಲ್ಲಿ ಎಡಗೈಯ ಒಂದು ಹುಕ್‌ನಿಂದ (ತೋಳು ಬಾಗಿಸಿ ಬೀಸುವ ಪೆಟ್ಟು) ಮಲಗಿಸಿ. 1994ರಲ್ಲಿ ಜಾರ್ಜ್ ಫೋರ್‌ಮನ್ 45ರ ವಯಸ್ಸಿನಲ್ಲಿ ಮೈಕೆಲ್ ಮೂರರ್ ಅವರನ್ನು ಸೋಲಿಸುವವರೆಗೆ, ಹೆವಿವೇಟ್ ಪಟ್ಟ ಗೆದ್ದವರಲ್ಲಿ ಅತ್ಯಂತ ಹಿರಿಯ ಎಂಬ ದಾಖಲೆ ವಾಲ್ಕಾಟ್ ಅವರದಾಗಿತ್ತು.

ಇನ್ನು 'ಸುಲಭವಾಗಿ' ಎಂಬ ಕ್ರಿಯಾವಿಶೇಷಣ. ಈ ಒಂದು ಪದದಿಂದ ನನಗೆ ಖಚಿತವಾಯಿತು, ನೀವು ಆ ಪಂದ್ಯವನ್ನು ನೋಡಿಲ್ಲ. ಫಿಲಡೆಲ್ಫಿಯಾದ ಆ ರಾತ್ರಿ ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದವರು ಮಾರ್ಸಿಯಾನೊ. ಹನ್ನೆರಡು ಸುತ್ತು ಮುಗಿದಾಗ ಮೂರೂ ಅಂಕಪಟ್ಟಿಗಳಲ್ಲಿ ಹಿಂದಿದ್ದವರೂ ಅವರೇ. ಉಳಿದದ್ದು ಮೂರು ಸುತ್ತು. ಅಂಕಗಳ ಮೇಲೆ ಗೆಲ್ಲುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಹದಿಮೂರನೆಯ ಸುತ್ತಿನಲ್ಲಿ ವಾಲ್ಕಾಟ್ ಹಿಂದೆ ಸರಿದು ಹಗ್ಗಕ್ಕೆ ಬೆನ್ನು ತಾಗಿಸಿದರು. ಇಬ್ಬರೂ ಒಂದೇ ಗಳಿಗೆಯಲ್ಲಿ ಬಲಗೈ ಬೀಸಿದರು. ಮಾರ್ಸಿಯಾನೊ ಅವರ ಕೈ ಹತ್ತಿರದ ದಾರಿ ಹಿಡಿದು ಮೊದಲು ಮುಟ್ಟಿತು. ವಾಲ್ಕಾಟ್ ಒಂದು ತೋಳನ್ನು ಹಗ್ಗಕ್ಕೆ ಸಿಲುಕಿಸಿಕೊಂಡು ಮಂಡಿಯ ಮೇಲೆ ಕುಸಿದರು. ಇದನ್ನು ಸುಲಭದ ಗೆಲುವು ಎನ್ನುವವರು ಪಂದ್ಯದ ಫಲಿತಾಂಶವನ್ನು ಓದಿದ್ದಾರೆ, ಪಂದ್ಯವನ್ನು ನೋಡಿಲ್ಲ.

ಮುಂದಿನ ವಾಕ್ಯ: "ಕೊನೆಯ ಪಂದ್ಯದ ಎದುರಾಳಿ ಆರ್ಚಿ ಮೂರ್‌ಗಂತೂ 42 ವರ್ಷ." ಈ ಸಂಖ್ಯೆ ಎಲ್ಲಿಂದ ಬಂತು? ಮೂರ್ ತಾವು ಹುಟ್ಟಿದ್ದು 1916ರಲ್ಲಿ ಎನ್ನುತ್ತಿದ್ದರು, ಅವರ ತಾಯಿ 1913ರಲ್ಲಿ ಎನ್ನುತ್ತಿದ್ದರು. 1955ರ ಸೆಪ್ಟೆಂಬರ್‌ಗೆ ಒಂದು ಲೆಕ್ಕದಲ್ಲಿ 38, ಇನ್ನೊಂದರಲ್ಲಿ 41. ಯಾವ ಲೆಕ್ಕದಲ್ಲೂ 42 ಬರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಮೂರ್ ಎರಡನೆಯ ಸುತ್ತಿನಲ್ಲಿ ಮಾರ್ಸಿಯಾನೊ ಅವರನ್ನು ನೆಲಕ್ಕೆ ಕೆಡವಿದರು. ಮೂರು ವರ್ಷಗಳ ಅನಂತರ, 1958ರ ಡಿಸೆಂಬರ್‌ನಲ್ಲಿ, ಇವಾನ್ ಡ್ಯುರೆಲ್ ಎದುರು ಮೊದಲ ಸುತ್ತಿನಲ್ಲೇ ಮೂರು ಸಲ ಬಿದ್ದು, ಐದನೆಯದರಲ್ಲಿ ಮತ್ತೊಮ್ಮೆ ಬಿದ್ದು, ಎದ್ದು ನಿಂತು ಹನ್ನೊಂದನೆಯ ಸುತ್ತಿನಲ್ಲಿ ಗೆದ್ದು ಲೈಟ್ ಹೆವಿವೇಟ್ ಪಟ್ಟವನ್ನು ಉಳಿಸಿಕೊಂಡರು. ಕೆಲವರ ದೇಹ 38ಕ್ಕೆ ಮುಗಿದಿರುತ್ತದೆ, ಕೆಲವರದು ಮುಗಿದಿರುವುದಿಲ್ಲ. ಟೈಸನ್ ಎದುರು ಸೋತ ಹೋಮ್ಸ್ ಕೂಡ ಮರಳಿ ಬಂದು 42ರಲ್ಲಿ ರೇ ಮರ್ಸರ್ ಅವರನ್ನು ಸೋಲಿಸಿದರು. ಹುಟ್ಟಿದ ವರ್ಷ ನೋಡಿ ಬಾಕ್ಸರ್‌ನ ಸತ್ವ ಅಳೆಯಲಾಗದು. ಅವನ ಹಿಂದಿನ ನಾಲ್ಕಾರು ಪಂದ್ಯಗಳನ್ನು ನೋಡಬೇಕು, ಆಮೇಲೆ ಬರೆಯಬೇಕು.

ನಾನು ಮಾರ್ಸಿಯಾನೊ ಭಕ್ತನಲ್ಲ. ನಿಮ್ಮ ನಿರ್ಣಯ ಸರಿಯೇ ಇರಬಹುದು. 49ಕ್ಕೆ 49 ಎಂಬ ಸಂಖ್ಯೆ ಅವರಿಗೆ ಕೊಟ್ಟ ಎತ್ತರ ಜಾಸ್ತಿಯಾಯಿತು ಎಂದು ವಾದಿಸಲು ಗಟ್ಟಿಯಾದ ಆಧಾರಗಳೇ ಇವೆ. ನನ್ನನ್ನು ಕಾಡಿದ್ದು, ಆ ಆಧಾರಗಳಲ್ಲಿ ಒಂದೂ ನಿಮ್ಮ ಲೇಖನದಲ್ಲಿ ಇಲ್ಲದಿರುವುದು. 1950ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾರ್ಸಿಯಾನೊ ಎದುರು ರೋಲ್ಯಾಂಡ್ ಲಾಸ್ಟಾರ್ಜಾ ಎಂಬ ಅಜೇಯ ಯುವಕ ನಿಂತಿದ್ದರು. ಮುದುಕರಲ್ಲ, ಇಪ್ಪತ್ತರ ಆಸುಪಾಸಿನ ಹುಡುಗ. ಹತ್ತು ಸುತ್ತಿನ ಬಳಿಕ ಒಬ್ಬ ತೀರ್ಪುಗಾರರು ಒಬ್ಬರಿಗೆ ಕೊಟ್ಟರು, ಇನ್ನೊಬ್ಬರು ಇನ್ನೊಬ್ಬರಿಗೆ. ರೆಫ್ರಿಯ ಪಟ್ಟಿಯಲ್ಲಿ ಸುತ್ತುಗಳು ಸಮನಾಗಿದ್ದವು. ಕೊನೆಗೆ, ಸುತ್ತುಗಳು ಸಮನಾದಾಗ ನೋಡುವ ಪೂರಕ ಅಂಕಗಳ ಬಲದಿಂದ ಮಾರ್ಸಿಯಾನೊ ಗೆದ್ದರು. ಆ ಒಂದು ಕಾಗದದಲ್ಲಿ ಒಂದೇ ಸುತ್ತು ಆಚೆ ಬಿದ್ದಿದ್ದರೆ 49ಕ್ಕೆ 49 ಎಂಬ ಮಾತೇ ಇರುತ್ತಿರಲಿಲ್ಲ, ನೀವು ಈ ಲೇಖನ ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ? ಅದು ಬಿಟ್ಟು ನೀವು 'ಮುದುಕ' ಎಂಬ ಬೈಗುಳವನ್ನು ಹಿಡಿದುಕೊಂಡಿದ್ದೀರಿ. ಚಾಂಪಿಯನ್ ಆಗಿ ಅವರು ಪಟ್ಟ ಉಳಿಸಿಕೊಂಡದ್ದು ಆರು ಸಲ ಮಾತ್ರ. ಲೂಯಿಸ್ ಅವರ 25ರ ಪಕ್ಕದಲ್ಲಿ ಅದನ್ನಿಟ್ಟು ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ.

ಕ್ರೀಡಾ ವಿಭಾಗದಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು ನೆನಪಾಗುತ್ತಿವೆ. ನಮ್ಮ ವಿಭಾಗದ ಮುಖ್ಯಸ್ಥರು ಬಾಕ್ಸಿಂಗ್ ಸುದ್ದಿ ಬರೆಯುವ ಹೊಸಬರನ್ನೆಲ್ಲ ಟಿ.ವಿ. ಮುಂದೆ ಕೂರಿಸಿ, ಹಳೆಯ ಪಂದ್ಯದ ಕ್ಯಾಸೆಟ್ ಹಾಕಿ, ಧ್ವನಿ ಆರಿಸಿಬಿಡುತ್ತಿದ್ದರು. ಕೈಯಲ್ಲಿ ಒಂದು ಕಾಗದ. ಪ್ರತಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9, ಬಿದ್ದಿದ್ದರೆ 8. ಪಕ್ಕದವರ ಕಾಗದ ನೋಡುವಂತಿಲ್ಲ. ಕೊನೆಗೆ ಯಾವುದಾದರೂ ಒಂದು ಸುತ್ತನ್ನು ಆರಿಸಿ ಒಂದು ಪ್ಯಾರಾ ಬರೆಯಬೇಕು. ಅದರಲ್ಲಿ 'ಭೀಕರ', 'ಮಾರಕ', 'ಸಿಡಿಲಬ್ಬರದ' ಎಂಬ ಪದಗಳು ಬರಕೂಡದು. ಪೆಟ್ಟು ಬಿದ್ದಾಗ ಇಬ್ಬರ ಕಾಲುಗಳು ಎಲ್ಲಿದ್ದವು, ಯಾರ ಬೆನ್ನು ಹಗ್ಗದ ಕಡೆಗಿತ್ತು ಎಂಬುದು ಬರಲೇಬೇಕು. ಅವರು ವಿವರಿಸುವ ಜನ ಆಗಿರಲಿಲ್ಲ. ತಿದ್ದಿ ಕೊಟ್ಟ ಹಾಳೆಯ ಅಂಚೇ ಅವರ ಪಾಠ.

ಹಾಗೆ ನೋಡಿದವುಗಳಲ್ಲಿ ನನ್ನೊಳಗೆ ಉಳಿದದ್ದು 1993ರ ಸೆಪ್ಟೆಂಬರ್‌ನ ಪಂದ್ಯ, ಜೂಲಿಯೊ ಸೀಸರ್ ಚಾವೆಝ್ ಮತ್ತು ಪರ್ನೆಲ್ ವಿಟೇಕರ್ ನಡುವಣದು. ಸ್ಯಾನ್ ಆಂಟೋನಿಯೊದ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಚಾವೆಝ್ 87 ಪಂದ್ಯ ಆಡಿ 87ನ್ನೂ ಗೆದ್ದು ಬಂದಿದ್ದರು. ಧ್ವನಿಯಿಲ್ಲದೆ ನೋಡಿದಾಗ, ಆ ಜನಸಮುದ್ರದ ಕೂಗು ಕಿವಿಗೆ ಬೀಳದಿದ್ದಾಗ, ಎಡಗೈ ಬಾಕ್ಸರ್ ವಿಟೇಕರ್ ಅರ್ಧ ಹೆಜ್ಜೆ ಬದಿಗೆ ಸರಿದು ಚಾವೆಝ್ ಪೆಟ್ಟುಗಳನ್ನು ಗಾಳಿಗೆ ಬಿಟ್ಟು, ಮರಳಿ ಜ್ಯಾಬ್, ಅಂದರೆ ಮುಂಗೈಯ ನೇರ ಚುರುಕು ಪೆಟ್ಟು, ಇಡುವುದು ಸುತ್ತಿನಿಂದ ಸುತ್ತಿಗೆ ಸ್ಪಷ್ಟವಾಗುತ್ತ ಹೋಗುತ್ತಿತ್ತು. ನಮ್ಮೆಲ್ಲರ ಕಾಗದಗಳೂ ವಿಟೇಕರ್ ಗೆದ್ದರು ಎಂದವು. ಅಧಿಕೃತ ತೀರ್ಪು ಡ್ರಾ: ಒಬ್ಬರು 115–113 ವಿಟೇಕರ್ ಪರ, ಉಳಿದಿಬ್ಬರು 115–115. ಚಾವೆಝ್ ಅಜೇಯರಾಗಿಯೇ ಉಳಿದರು. 'ಅಜೇಯ' ಎಂಬ ದಾಖಲೆಯನ್ನು ರಿಂಗ್‌ನೊಳಗಿನ ಕೈಗಳಷ್ಟೇ ಬರೆಯುವುದಿಲ್ಲ, ರಿಂಗ್ ಪಕ್ಕದಲ್ಲಿ ಕುಳಿತ ಮೂವರ ಪೆನ್ನುಗಳೂ ಬರೆಯುತ್ತವೆ ಎಂದು ನನಗೆ ಆ ಸಂಜೆ ಅರ್ಥವಾಯಿತು. ಅಂದಿನಿಂದ ಯಾರ ದಾಖಲೆಯನ್ನೂ ಅದರ ಹಿಂದಿನ ಪಂದ್ಯಗಳನ್ನು ನೋಡದೆ ನಾನು ಹೊಗಳಿಕೆಗೂ ಬಳಸಿಲ್ಲ, ತೆಗಳಿಕೆಗೂ ಬಳಸಿಲ್ಲ.

ಆ ಹಿರಿಯರ ಕೆಂಪು ಶಾಯಿ ಇನ್ನೊಂದು ಮಾತಿನ ಮೇಲೆ ತಪ್ಪದೆ ಬೀಳುತ್ತಿತ್ತು: 'ಎಲ್ಲರೂ'. ಅಂಚಿನಲ್ಲಿ 'ಯಾರು?' ಎಂದಷ್ಟೇ ಬರೆದಿರುತ್ತಿದ್ದರು. ನಿಮ್ಮ ಮೇವೆದರ್ ಭಾಗದ ಅಂಚಿನಲ್ಲಿ ನಾನೂ ಅದನ್ನೇ ಬರೆದಿದ್ದೇನೆ. "ಮೇವೆದರ್‌ನನ್ನು ಎಲ್ಲರೂ ಸಾರ್ವಕಾಲಿಕ ಶ್ರೇಷ್ಠ ಎನ್ನುತ್ತಾರೆ." ಯಾರು? ಸ್ವತಃ ಮೇವೆದರ್ ಹಾಗೆ ಹೇಳಿಕೊಂಡಿದ್ದಾರೆ, ನಿಜ. ಬಾಕ್ಸಿಂಗ್ ಇತಿಹಾಸ ಬಲ್ಲವರಲ್ಲಿ ಬಹುಪಾಲು ಜನ ಆ ಸ್ಥಾನಕ್ಕೆ ಇಂದಿಗೂ ಶುಗರ್ ರೇ ರಾಬಿನ್ಸನ್ ಅವರ ಹೆಸರನ್ನೇ ಹೇಳುತ್ತಾರೆ. ಯಾರು, ಯಾವ ಎತ್ತರಕ್ಕೆ ಏರಿಸಿದ್ದಾರೆ ಎಂಬುದನ್ನು ತೋರಿಸದೆ ಅಲ್ಲಿಂದ ಇಳಿಸುತ್ತೇನೆ ಎಂದರೆ ಓದುಗ ನಂಬುವುದು ಹೇಗೆ? ನೀವು ಗುದ್ದಾಡುತ್ತಿರುವುದು ಎದುರಾಳಿಯೇ ಇಲ್ಲದ ರಿಂಗ್‌ನಲ್ಲಿ.

"ಅವನು ಓಡುತ್ತಾನೆ, 2015ರ ಪ್ಯಾಕಿಯಾವೊ ಪಂದ್ಯ ನಿದ್ದೆ ಬರಿಸಿತು" ಎಂದೂ ಬರೆದಿದ್ದೀರಿ. ನಿಮಗೆ ನಿದ್ದೆ ಬಂದದ್ದು ನಿಮ್ಮ ಅನುಭವ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಸರ ತರಿಸಿದವನ ಯೋಗ್ಯತೆ ಕಡಿಮೆ ಎಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಆ ರಾತ್ರಿ ಮೂವರು ತೀರ್ಪುಗಾರರೂ ಮೇವೆದರ್ ಪರವಾಗಿಯೇ ಬರೆದರು, ಒಬ್ಬರು 118–110, ಇಬ್ಬರು 116–112. ಪೆಟ್ಟು ತಿನ್ನದೆ ಪೆಟ್ಟು ಕೊಡುವುದು ಈ ಕ್ರೀಡೆಯ ಅರ್ಧ ವಿದ್ಯೆ. ಅದು ನಿಮಗೆ ರುಚಿಸದಿದ್ದರೆ ರುಚಿಸದು ಎಂದು ನೇರವಾಗಿ ಬರೆಯಿರಿ, ನಾನು ಮೆಚ್ಚುತ್ತೇನೆ. ಅವರ ದಾಖಲೆಯನ್ನೇ ಪ್ರಶ್ನಿಸಬೇಕೆಂದರೆ 2002ರ ಏಪ್ರಿಲ್‌ಗೆ ಹೋಗಿ. ಹೋಸೆ ಲೂಯಿಸ್ ಕ್ಯಾಸ್ಟಿಲೊ ಎದುರಿನ ಆ ಪಂದ್ಯವನ್ನು ಕಂಡ ಅನೇಕರು ಕ್ಯಾಸ್ಟಿಲೊ ಗೆದ್ದರು ಎಂದೇ ಇಂದಿಗೂ ವಾದಿಸುತ್ತಾರೆ. ಹಾಗೆ ಬರೆಯುವಾಗ, ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇವೆದರ್ ಅದೇ ಕ್ಯಾಸ್ಟಿಲೊ ಅವರನ್ನು ಮತ್ತೆ ಎದುರಿಸಿ ಗೆದ್ದದ್ದನ್ನೂ ಸೇರಿಸಬೇಕಾಗುತ್ತದೆ. ಐವತ್ತನೆಯ ಗೆಲುವು 2017ರಲ್ಲಿ ಬಂದದ್ದು ಕಾನರ್ ಮೆಕ್‌ಗ್ರೆಗರ್ ಮೇಲೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೆಕ್‌ಗ್ರೆಗರ್ ಅವರಿಗೆ ಅದು ಮೊದಲ ಪಂದ್ಯ. ಮಾರ್ಸಿಯಾನೊ ಅವರ 49ನ್ನು ದಾಟಿಸಿದ ಗೆಲುವು ಅದು. ನಿಮ್ಮ ಪಟ್ಟಿಯ ಇಬ್ಬರನ್ನು ಒಂದೇ ದಾರದಲ್ಲಿ ಪೋಣಿಸುವ ಈ ಸಂಗತಿ ನಿಮ್ಮ ಲೇಖನದಲ್ಲಿ ಒಂದು ಸಾಲಾಗಿಯೂ ಬಂದಿಲ್ಲ.

ಉಳಿದ ಮೂವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವರನ್ನು ಈ ಲೇಖನದಿಂದ ತೆಗೆದುಬಿಡಿ. ಟೈಸನ್ ಅವರನ್ನೂ ತೆಗೆಯಿರಿ, ಇಲ್ಲವೇ ವಾಲ್ಕಾಟ್‌ಗೆ ಹಿಡಿದ ಅಳತೆಯನ್ನೇ ಹೋಮ್ಸ್‌ಗೂ ಹಿಡಿಯಿರಿ. ಒಬ್ಬ ಮಾರ್ಸಿಯಾನೊ ಸಾಕು. ಲಾಸ್ಟಾರ್ಜಾ ಪಂದ್ಯದಿಂದ ಆರಂಭಿಸಿ, 1952ರ ಆ ಹದಿಮೂರು ಸುತ್ತುಗಳನ್ನು ಕುಳಿತು ನೋಡಿ, ನಿಮ್ಮದೇ ಅಂಕಪಟ್ಟಿ ಹಾಕಿ. ಅದನ್ನೂ ಲೇಖನದ ಜೊತೆಗೆ ಕಳುಹಿಸಿ, ನನ್ನ ಬಳಿಯೂ ಒಂದು ಪಟ್ಟಿ ಇದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಮೂರ್ ಅವರ ವಯಸ್ಸನ್ನು ತಿದ್ದಿ. 'ಮುದುಕ' ಎಂಬ ಪದ ಬೇಡ. ಇಷ್ಟೆಲ್ಲ ಆದ ಮೇಲೂ ಮಾರ್ಸಿಯಾನೊ ಅವರ ಎತ್ತರ ಹೆಚ್ಚಾಯಿತು ಎಂದೇ ನಿಮಗೆ ಅನಿಸಿದರೆ ಹಾಗೆಯೇ ಬರೆಯಿರಿ. ನಾನು ಒಪ್ಪದಿದ್ದರೂ ಪ್ರಕಟಿಸುತ್ತೇನೆ.

ಇತಿ,
ಸಂಪಾದಕ